ಕುದುರೆಯಿಂದ ಕುದುರಿದ ಸಂಬಂಧ

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಈಗ ಒಂದು ಕೆಂಪು ಕಾಗದದ ಕುದುರೆ ನಿಂತಿದೆ. ಕಳೆದ ಭಾನುವಾರ ಅನುಷಾ ಬಂದವಳು ಅಂಟಿಸಿ ಹೋದಳು. ಚೀನೀಯರ ಲೆಕ್ಕದಲ್ಲಿ ಇದು ಕುದುರೆಯ ವರ್ಷವಂತೆ. ಒಳಗೆ ನಿನ್ನೆಯ ಸಾಂಬಾರು, ಹೊರಗೆ ಕಾಲೆತ್ತಿದ ಕುದುರೆ. ಹಾಲು ತೆಗೆಯಲು ಹೋದಾಗಲೆಲ್ಲ ಅದನ್ನು ನೋಡಿ ನನಗೆ ನಗು ಬರುತ್ತದೆ. ಯಾಕೆಂದು ಹೇಳುತ್ತೇನೆ, ಸ್ವಲ್ಪ ಕುಳಿತುಕೊಳ್ಳಿ. ನನ್ನ ಗಂಡ ಊಟಕ್ಕೆ ಬರುವುದು ಹೇಗೂ ತಡ.

ಅನುಷಾ ನನ್ನ ನಾದಿನಿಯ ಮಗಳು. ವಿಲೆ ಪಾರ್ಲೆಯಲ್ಲಿ ಹುಟ್ಟಿ ಬೆಳೆದವಳು. ಕನ್ನಡ ಅರ್ಥವಾಗುತ್ತದೆ, ಮಾತಾಡಲು ಹೊರಟರೆ ಅರ್ಧ ದಾರಿಯಲ್ಲಿ ಹಿಂದಿಗೆ ಇಳಿದುಬಿಡುತ್ತಾಳೆ. ಇಂಥವಳು, ಆರೇಳು ವರ್ಷದ ಹಿಂದೆ, ಚೀನೀ ಭಾಷೆ ಕಲಿತಳು. ಅಂಧೇರಿಯ ಅವಳ ಆಫೀಸು ಚೀನಾದಿಂದ ಹೊಲಿಗೆ ಯಂತ್ರದ ಬಿಡಿಭಾಗ ತರಿಸುತ್ತದೆ. ಕನ್ನಡವೇ ಸರಿಯಾಗಿ ಬಾರದವಳಿಗೆ ಚೀನೀ ಯಾಕೆ ಎಂದು ನಮ್ಮವರೆಲ್ಲ ಆಡಿಕೊಂಡರು. ನನ್ನ ಗಂಡ ಮಾತ್ರ ಹಿಗ್ಗಿದರು. ಅದೇ ಅಂಧೇರಿಯಲ್ಲಿ ಅವರದೊಂದು ಉಡುಪಿ ಹೋಟೆಲು. ಮೆನು ಬೋರ್ಡಿನಲ್ಲಿ ಇಡ್ಲಿ ವಡೆಯ ಕೆಳಗೆ ದಪ್ಪಕ್ಷರದಲ್ಲಿ 'ಚೈನೀಸ್' ಎಂದಿದೆ. ಚೀನಾದವರು ಯಾರಾದರೂ ಅದನ್ನು ತಿಂದರೆ ಇದು ಯಾವ ದೇಶದ ಅಡುಗೆ ಎಂದು ಕೇಳಿಯಾರು. ಮನೆಯ ಹುಡುಗಿಯೊಬ್ಬಳು ಭಾಷೆ ಕಲಿತರೆ ಆ ಬೋರ್ಡಿಗೆ ಒಂದು ತೂಕ ಬರುತ್ತದೆಂದು ಅವರ ಎಣಿಕೆ.

ಆಗೆಲ್ಲ ಭಾನುವಾರ ನಮ್ಮ ಚೆಂಬೂರಿನ ಮನೆಗೆ ಬಂದಾಗ ಅವಳು ಊಟದ ನಡುವೆ ಒಂದೊಂದು ಪದ ಬಡಿಸುತ್ತಿದ್ದಳು. ನನಗೆ ನೆನಪಿರುವುದೆಲ್ಲ ಕುದುರೆಯದ್ದೇ. ಮುಖಸ್ತುತಿ ಮಾಡುವುದಕ್ಕೆ ಆ ಜನ ಕುದುರೆಯ ಅಂಡು ತಟ್ಟುವುದು ಅನ್ನುತ್ತಾರಂತೆ. 'ಈಗಲೇ' ಅನ್ನಲು 'ಮಾಷಾಂಗ್', ಅಂದರೆ ಕುದುರೆಯ ಮೇಲೆ. ಏರಿ ಕೂತಾಗಿದೆ, ಹೊರಟೆ ಎಂದು. ಇದು ನನ್ನ ಗಂಡನಿಗೆ ಭಾರಿ ಹಿಡಿಸಿತು. "ಈಗ ಬಂದೆ" ಅಂದರೆ ಇನ್ನೂ ಎರಡು ಗಂಟೆ ಎಂದು ಅರ್ಥವಿರುವ ಮನುಷ್ಯ, ಅಂದಿನಿಂದ "ಮಾಷಾಂಗ್ ಬಂದೆ ಮಾರಾಯ್ತಿ" ಎನ್ನತೊಡಗಿದರು. ಬರುವ ಹೊತ್ತು ಮಾತ್ರ ಬದಲಾಗಲಿಲ್ಲ. ಕುದುರೆ ಪಾಪ, ಹೈವೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರಬೇಕು.

ಇನ್ನೊಂದು ಪದವನ್ನು ಅವಳು ನನಗೊಬ್ಬಳಿಗೇ ಅಡುಗೆಮನೆಯಲ್ಲಿ ಹೇಳಿಕೊಟ್ಟಿದ್ದಳು. ಮೂಲಂಗಿ ಸಾಂಬಾರು ಹೇಗಾಗಿದೆ ಎಂದು ಕೇಳಿದ್ದಕ್ಕೆ "ಮಾಮಾಹೂಹೂ" ಅಂದಳು. ಮಾ ಅಂದರೆ ಕುದುರೆ, ಹೂ ಅಂದರೆ ಹುಲಿ. ಕುದುರೆ ಕುದುರೆ, ಹುಲಿ ಹುಲಿ. ಪೂರ್ತಿ ಇದೂ ಅಲ್ಲ, ಪೂರ್ತಿ ಅದೂ ಅಲ್ಲ, ಏನೋ ಒಂದು, ಪರವಾಗಿಲ್ಲ ಎಂದು ಅರ್ಥ. ನನ್ನ ಸಾಂಬಾರಿಗೆ ಅಂಥ ಮರ್ಯಾದೆ. ಕೋಪ ಬಂದರೂ ಆ ಪದ ನಮ್ಮಿಬ್ಬರ ಗುಟ್ಟಿನ ಮಾತಾಯಿತು. ನೀವೇ ಹೇಳಿ, ಮುಂಬಯಿಯಲ್ಲಿ ಗುಟ್ಟಾಡಲು ಭಾಷೆ ಎಲ್ಲಿದೆ? ಲೋಕಲ್ ರೈಲಿನಲ್ಲಿ ತುಳುವಿನಲ್ಲಿ ಪಿಸುಗುಟ್ಟಿದರೆ ಎದುರು ಸೀಟಿನವರು "ನಿಮ್ಮದು ಊರು ಎಲ್ಲಿ?" ಎಂದು ಕೇಳುತ್ತಾರೆ.

ಹೀಗಿರುವಾಗ ಅನುಷಾಳನ್ನು ನೋಡಲು ಠಾಣೆಯಿಂದ ಒಬ್ಬ ಹುಡುಗನ ಕಡೆಯವರು ಬಂದರು. ಅವಳ ತಂದೆ ಇಲ್ಲ. ಇದ್ದರೂ ನಮ್ಮಲ್ಲಿ ಸೋದರಮಾವನ ಮಾತಿಗೆ ತೂಕ ಹೆಚ್ಚು. ಹಾಗಾಗಿ ಎಲ್ಲ ನಮ್ಮ ಮನೆಯಲ್ಲೇ. ಹುಡುಗ ಸಭ್ಯ, ಬ್ಯಾಂಕಿನ ಕೆಲಸ, ಗೋಳಿಬಜೆಯನ್ನು ಚಮಚದಲ್ಲಿ ತಿಂದ. ಇನ್ನೇನು ಹೊರಡಬೇಕು ಅನ್ನುವಾಗ ನನ್ನ ಗಂಡ ಎಲ್ಲರೆದುರು ಕೇಳಿಬಿಟ್ಟರು.

"ಅನು, ನಿನ್ನದು ಎಂತ ಅಭಿಪ್ರಾಯ? ನಾಚಿಕೆ ಬೇಡ, ಮಾಮನ ಹತ್ರ ಹೇಳು."

ಏನು ಹೇಳಿಯಾಳು? ಎದುರು ಕೂತವರಿಗೆ ಕನ್ನಡ, ತುಳು, ಹಿಂದಿ, ಮರಾಠಿ, ಇಂಗ್ಲಿಷ್ ಎಲ್ಲವೂ ಬರುತ್ತದೆ. ಟ್ರೇ ಹಿಡಿದು ನಿಂತಿದ್ದ ನನ್ನ ಕಡೆ ತಿರುಗಿ ಮೆಲ್ಲಗೆ ಅಂದಳು: "ಮಾಮಾಹೂಹೂ."

"ಕೇಳಿದಿರಲ್ಲ! 'ಮಾಮಾ, ಹೂಂ ಹೂಂ' ಅಂದಳು!" ನನ್ನ ಗಂಡ ಎದ್ದೇ ನಿಂತರು. "ಒಂದಲ್ಲ, ಎರಡು ಹೂಂ!"

ಸಂಬಂಧ ಕುದುರಿತು. ಕುದುರೆಯಿಂದಲೇ ಕುದುರಿತು. ಹುಡುಗನ ತಂದೆಯ ಬಾಯಿಗೆ ಪೇಡೆ ಹೋಯಿತು, ನಾದಿನಿ ಸಂತೋಷಕ್ಕೆ ಅತ್ತಳು. ನಾನು ಕಣ್ಣರಳಿಸಿ ಗಂಡನಿಗೆ ಸನ್ನೆ ಮಾಡಿದೆ. ಅವರು "ಹೌದು ಹೌದು, ಇನ್ನೊಂದು ಸುತ್ತು ಕಾಫಿ ತಾ" ಎಂದರು. ಅನುಷಾ ಸೋಫಾದಲ್ಲಿ ಕಲ್ಲಾಗಿ ಕೂತಿದ್ದಳು.

ಅವರೆಲ್ಲ ಲಿಫ್ಟಿನಲ್ಲಿ ಇಳಿದ ಮೇಲೆ ಅವಳ ಬಾಯಿ ತೆರೆಯಿತು. "ಮಾಮಾ, ಮೈನೆ ಹೂಂ ನಹೀ ಬೋಲಾ. ಅದು ಚೈನೀಸ್. ಸೋ ಸೋ ಅಂತ."

"ಹಾಗಾದ್ರೆ ಹುಡುಗ ಬೇಡವಾ?"

"ಬೇಡ ಅಂತ ಅಲ್ಲ ಮಾಮಾ." ಪದಕ್ಕಾಗಿ ತಡಕಾಡಿದಳು, ಆದರೆ ಈ ಸಲ ಹಿಂದಿಗೆ ಇಳಿಯಲಿಲ್ಲ. "ಬೇಕು ಅಂತ ಇಲ್ಲ."

ನಾದಿನಿ ಹಣೆ ಚಚ್ಚಿಕೊಂಡಳು. "ಪೇಡೆ ತಿನ್ನಿಸಿ ಆಯ್ತಲ್ಲ! ಈಗ ಇಲ್ಲ ಅಂದ್ರೆ ನಾಳೆ ಇವಳನ್ನು ಯಾರು ಕೇಳ್ತಾರೆ? ಪರವಾಗಿಲ್ಲ ಅಂತ ಇದ್ರೆ ಸಾಕು. ನಾವೆಲ್ಲ ಎಂತ ನೋಡಿ ಮದುವೆ ಆದದ್ದು?" ನನಗೂ ಅದು ನ್ಯಾಯವೆಂದೇ ಅನಿಸಿತು. ಈ ಮಹಾಶಯರನ್ನು ಮೊದಲು ನೋಡಿದ ದಿನ ನನಗೆ ಹುಲಿಯೂ ಕಂಡಿರಲಿಲ್ಲ, ಕುದುರೆಯೂ ಕಂಡಿರಲಿಲ್ಲ. ಇಸ್ತ್ರಿ ಮಾಡಿದ ಒಂದು ಅಂಗಿ ಕಂಡಿತ್ತು.

ನನ್ನ ಗಂಡ ಬಾಗಿಲಿಗೆ ನಡೆದರು. ಕಾಲಲ್ಲೇ ಚಪ್ಪಲಿ ಹುಡುಕಿಕೊಂಡರು. "ಸ್ಟೇಷನ್ ಮುಟ್ಟಿರ್ಲಿಕ್ಕಿಲ್ಲ. ಮಾಷಾಂಗ್!" ಎಂದವರು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದರು. ಕಿಟಕಿಯಿಂದ ನೋಡಿದೆ. ಆ ಹೊಟ್ಟೆ ಹೊತ್ತುಕೊಂಡು, ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ನನ್ನದು ಮೆಟ್ಟಿ, ರಿಕ್ಷಾಕ್ಕೆ ಕೈ ಮಾಡುತ್ತ ಓಡುತ್ತಿದ್ದರು.

ಬರುವಾಗ ಬೆವರಿ ಒದ್ದೆಯಾಗಿದ್ದರು. "ಟಿಕೇಟ್ ಕಿಟಕಿ ಹತ್ರ ಸಿಕ್ಕಿದ್ರು."

"ಎಂತ ಹೇಳಿದಿರಿ ಮಾರಾಯ್ರೆ?"

"ಹುಡುಗಿ ಬೇಡ ಅಂತಲೇ ಅಂದದ್ದು, ನನಗೆ ಕಿವಿ ಮಂದ, ಹೂಂ ಅಂತ ಕೇಳಿತು ಅಂದೆ. ತಪ್ಪಿದ್ದು ಕಿವಿ, ಅವಳಲ್ಲ."

ಕಿವಿ ಮಂದ! ಹೋಟೆಲಿನ ಗಲ್ಲಾದಲ್ಲಿ ಕೂತು ಒಳಗೆ ಭಟ್ಟರು ಎಣ್ಣೆ ಹೆಚ್ಚು ಸುರಿದದ್ದು ಕೇಳಿಸುವ ಕಿವಿ ಅದು. ಆದರೆ ನಮ್ಮವರಲ್ಲಿ ಸುದ್ದಿ ಹರಡಲು ಎಷ್ಟು ಹೊತ್ತು? ಅಂದಿನಿಂದ ಯಾವ ಮದುವೆಗೆ ಹೋದರೂ ಜನ ಅವರ ಕಿವಿಗೆ ಬಾಯಿಟ್ಟು "ಊಟ ಆಯ್ತಾಆಆ?" ಎಂದು ಕಿರುಚುತ್ತಾರೆ. ಒಬ್ಬರಂತೂ ಕಿವಿಗೆ ಮೆಷಿನ್ ಹಾಕಿಸಲು ಡಾಕ್ಟರನ್ನೇ ಗೊತ್ತುಮಾಡಿಕೊಟ್ಟರು. ಇವರು ಅಂಗೈಯನ್ನು ಕಿವಿಗೆ ಆನಿಸಿ "ಆಂ?" ಅನ್ನುತ್ತಾರೆ. ಅನುಷಾ ತಾನೇ ಮೆಚ್ಚಿದ ಹುಡುಗನನ್ನು ಕರೆತಂದ ದಿನ ಮಾಮನ ಕಿವಿಯ ಹತ್ತಿರ ಹೋಗಿ, ಬಿಲ್ಡಿಂಗಿಗೆಲ್ಲ ಕೇಳುವಂತೆ, ಕನ್ನಡದಲ್ಲೇ "ಬೇಕು!" ಎಂದಳು. ನನಗೆ ಕಣ್ಣು ತುಂಬಿ ಬಂತು. ಮದುವೆಯೂ ಆಯಿತು. ಇನ್ನಾದರೂ ಕಿವಿ ಸರಿಯಾಯಿತು ಎಂದು ಹೇಳಿಬಿಡಿ ಎಂದರೆ, "ಬೇಡ ಮಾರಾಯ್ತಿ, ಆ ಠಾಣೆಯವರಿಗೆ ಬೇಸರ ಆಗುದು ಬೇಡ" ಎನ್ನುತ್ತಾರೆ.

ಈಗಷ್ಟೇ ಫೋನು ಬಂತು. "ಹೊರಟೆ, ಮಾಷಾಂಗ್." ಹಿಂದಿನಿಂದ ತಟ್ಟೆಗಳ ಸದ್ದು, ಯಾರೋ ಮಸಾಲೆ ದೋಸೆ ಕೂಗುತ್ತಿದ್ದಾರೆ. ಗಲ್ಲಾ ಬಿಟ್ಟು ಎದ್ದೇ ಇಲ್ಲ. ಬೇರೆ ದಿನವಾಗಿದ್ದರೆ ಎರಡು ಮಾತು ಅಂದು, ನನ್ನಷ್ಟಕ್ಕೆ ಉಂಡು ಮುಗಿಸುತ್ತಿದ್ದೆ. ಇವತ್ತು ಫ್ರಿಜ್ಜಿನ ಕುದುರೆಯನ್ನು ಒಮ್ಮೆ ನೋಡಿದೆ, ಸಾರಿಗೆ ಮುಚ್ಚಳ ಮುಚ್ಚಿದೆ, ಎರಡು ತಟ್ಟೆ ಇಟ್ಟೆ. ಬರಲಿ ನಿಧಾನಕ್ಕೆ. ಏರಲೇಬೇಕಾದ ದಿನ ಆ ಮನುಷ್ಯ ಕುದುರೆ ಏರಿದ್ದನ್ನು, ಅದೂ ನನ್ನ ಚಪ್ಪಲಿ ಮೆಟ್ಟಿಕೊಂಡು, ನಾನು ಕಣ್ಣಾರೆ ಕಂಡಿದ್ದೇನೆ.