ಮುಷ್ಟಿ ಕಟ್ಟದ ಬೆರಳು

ದೊಡ್ಡ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವ ಹೆಂಗಸನ್ನು ಎಲ್ಲರೂ ರಟ್ಟಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಷ್ಟೆ. ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಅವಳೇ ಒಂದು ಗಳಿಗೆ ಹಿಂದೆ ತಿರುಗಿ, ಯಾರನ್ನಪ್ಪಾ ಕರೆದದ್ದು ಎಂದು ನೋಡುತ್ತಿದ್ದಳು.

ಇಪ್ಪತ್ತೆರಡು ವರ್ಷದ ಕೆಲಸ. ಕೈ ಅಂದರೆ ಅದು ಕೈ. ದಾರಕ್ಕೆ ಮೇಣ ಸವರಿ ಮಾತಾಡುತ್ತಲೇ ಸೂಜಿಗೆ ಪೋಣಿಸುತ್ತಿದ್ದಳು. ಪುಟಗಳ ಕಟ್ಟಿನ ಮೇಲೆ ಹೆಬ್ಬೆರಳಾಡಿಸಿ ಯಾವ ಹಾಳೆ ಸಡಿಲವಾಗಿದೆ ಎಂದು ಹೇಳಿಬಿಡುತ್ತಿದ್ದಳು. ಮೇಲಿನ ಮಹಡಿಯ ಗ್ರಂಥಪಾಲಕರು ಮಾತಿಗೆ ಮುಂಚೆ ಬಾಯಿಗೆ ಬೆರಳಿಟ್ಟು ‘ಶ್’ ಅನ್ನುವವರು. ಹಾಗಾಗಿ ಸಿಬ್ಬಂದಿಯ ಬಾಯಲ್ಲಿ ಅವರು ‘ಶ್ ಸಾರ್’. ಅಂಥ ಮಿತಭಾಷಿಯೂ ಹೊಸಬರಿಗೆ ಅವಳ ಹೊಲಿಗೆ ತೋರಿಸಿ, “ನೋಡಿ, ಹೀಗಿರಬೇಕು” ಎನ್ನುತ್ತಿದ್ದರು.

ಥೈರಾಯ್ಡ್ ತೊಂದರೆ ಅವಳಿಗೆ ಹೊಸದಾಗಿರಲಿಲ್ಲ. ಮೂವತ್ತಾರರಲ್ಲಿ ವಿಪರೀತ ಸುಸ್ತಾಗಿ, ಕೂದಲು ಉದುರಿ, ಮೈ ಊದಿಕೊಂಡಾಗ ಬೀದಿಯ ತುದಿಯಲ್ಲಿದ್ದ ಮುದುಕ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದ್ದರು. “ಮೈ ಕಾಯಬೇಕಾದ ಕಾವಲುಗಾರರೇ ದಾರಿ ತಪ್ಪಿ ಕುತ್ತಿಗೆಯ ಗ್ರಂಥಿಯ ಮೇಲೆ ಬಿದ್ದಿದ್ದಾರೆ ತಾಯಿ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ” ಎಂದು ವಿವರಿಸಿದ್ದರು. ಅವಳ ತಲೆಯಲ್ಲಿ ಉಳಿದದ್ದು ಒಂದೇ: ದಿನಾ ಬೆಳಿಗ್ಗೆ ಒಂದು ಗುಳಿಗೆ. ಕೆಲವು ವರ್ಷದ ಮೇಲೆ ಡಾಕ್ಟರು ಕಣ್ಣು ಮಂಜಾಗಿ ದವಾಖಾನೆ ಮುಚ್ಚಿದರು. ಅವಳು ಮಾತ್ರ ಅದೇ ಹಳೆಯ ಚೀಟಿ ತೋರಿಸಿ ಅದೇ ಗುಳಿಗೆ ತಂದು ನುಂಗುತ್ತಾ ಬಂದಳು. ನಾಲ್ಕು ವರ್ಷ ಪರೀಕ್ಷೆಯ ಮಾತೇ ಇಲ್ಲ.

ನಲವತ್ತೈದು ತುಂಬುವ ಹೊತ್ತಿಗೆ ಬೆಳಗುಗಳು ಕೆಟ್ಟವು. ಎದ್ದ ಕೂಡಲೇ ಬೆರಳುಗಳು ಯಾರೋ ಅಂಟು ಬಳಿದಿಟ್ಟಂತೆ ಬಿಗಿದುಕೊಂಡಿರುತ್ತಿದ್ದವು. ಮುಷ್ಟಿ ಕಟ್ಟಲು ಹೋದರೆ ಅರ್ಧಕ್ಕೇ ನಿಲ್ಲುತ್ತಿದ್ದವು. ಬಲಗೈಯ ಮೂರು ಬೆರಳು ಜೋಮು ಹಿಡಿಯುತ್ತಿದ್ದವು. ಮಂಡಿಗಳಂತೂ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತಿದ್ದವು. ನೆಲಮಾಳಿಗೆಗೆ ಇಳಿಯಲು ಹದಿನೆಂಟು ಮೆಟ್ಟಿಲು. ಒಂದೊಂದಕ್ಕೂ ಎರಡೂ ಪಾದ ಇಟ್ಟು, ಕಂಬಿ ಹಿಡಿದು, ಎಳೆ ಮಗುವಿನಂತೆ ಇಳಿಯುತ್ತಿದ್ದಳು. ಯಾರೂ ನೋಡಬಾರದೆಂದು ಎಲ್ಲರಿಗಿಂತ ಮುಕ್ಕಾಲು ಗಂಟೆ ಮೊದಲೇ ಬರುತ್ತಿದ್ದಳು. ಅಂಟು ಕಾಯಿಸುವ ಒಲೆ ಹಚ್ಚಿ, ಅದರ ಮೇಲೆ ಅಂಗೈ ಹಿಡಿದು, ಬೆರಳುಗಳು ಮಾತು ಕೇಳುವವರೆಗೆ ಕಾಯುತ್ತಿದ್ದಳು.

ನೋವಿರುವವರಿಗೆ ವೈದ್ಯರು ಹೆಜ್ಜೆಗೊಬ್ಬರು. ಹಾಲಿನವಳು, “ವಾಯು ಕಣಕ್ಕಾ” ಅಂದಳು. ತಂಗಿ ಫೋನಿನಲ್ಲಿ, “ತೂಕ ಇಳಿಸು, ಮಂಡಿ ತಾನಾಗೇ ಸರಿಹೋಗುತ್ತೆ” ಅಂದಳು. ಒಬ್ಬ ಮೂಳೆ ಡಾಕ್ಟರು ಎರಡು ನಿಮಿಷ ನೋಡಿ, ಕೆಲಸದ ಸವೆತ ಎಂದು ಮುಲಾಮು ಬರೆದುಕೊಟ್ಟರು. ಔಷಧದ ಅಂಗಡಿಯವನು ತಾನೇ ಕೈಯಾರೆ ಒಂದು ಡಬ್ಬಿ ಕೊಟ್ಟು, “ಸುಣ್ಣದಂಶ, ಅಂದ್ರೆ ಕ್ಯಾಲ್ಸಿಯಂ, ಕಡಿಮೆಯಾಗಿರುತ್ತೆ, ದಿನಾ ಒಂದು ನುಂಗಿ” ಅಂದ. ಮರೆಯಬಾರದೆಂದು ರಟ್ಟಕ್ಕ ಅದನ್ನು ಥೈರಾಯ್ಡ್ ಗುಳಿಗೆಯ ಪಕ್ಕದಲ್ಲೇ ಇಟ್ಟುಕೊಂಡಳು. ಬೆಳಿಗ್ಗೆ ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿ, ಮೇಲೆ ಬಿಸಿ ಚಹಾ ಕುಡಿಯುತ್ತಿದ್ದಳು.

ಅಲ್ಲಿಂದ ನೋವು ಕಡಿಮೆಯಾಗುವುದಿರಲಿ, ದಿನಕ್ಕೊಂದು ಮೆಟ್ಟಿಲು ಏರಿತು.

ಮನೆಯಲ್ಲಿ ಮೂವರು. ಗಂಡ ಲಿಫ್ಟು ರಿಪೇರಿಯವನು, ದಿನವಿಡೀ ಬೇರೆಯವರ ಕಟ್ಟಡಗಳ ಲಿಫ್ಟುಗಳಲ್ಲಿ ನೇತಾಡುವವನು. ಅತ್ತೆಗೆ ಎಪ್ಪತ್ತಾರು, ಆದರೂ ಮೂರನೇ ಮಹಡಿಯ ಮನೆಗೆ ನಿಲ್ಲದೆ ಹತ್ತುವ ಕಾಲು. ಆ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ. “ಊರಿಗೆಲ್ಲ ಲಿಫ್ಟು, ಮನೆಗೆ ಮೆಟ್ಟಿಲು” ಎಂದು ಮುದುಕಿ ಮಗನನ್ನು ಹಂಗಿಸುತ್ತಿದ್ದಳು. ಸೊಸೆ ಹಿಂದೆ ಬಿದ್ದರೆ, “ಬೇಗ ಬಾರೇ, ನಾನು ನಿನ್ನ ಅಜ್ಜಿ ವಯಸ್ಸಿನವಳು” ಎಂದು ಮೇಲಿನಿಂದ ಕೂಗುತ್ತಿದ್ದಳು. ರಟ್ಟಕ್ಕ ನಗುತ್ತಿದ್ದಳು. ನಗದೆ ಏನು ಮಾಡುವುದು? ಈ ಅತ್ತೆಯ ಮುಂದೆ ಮಂಡಿನೋವು ಅನ್ನುವುದು ಹೇಗೆ?

ಹೀಗಿರುವಾಗ ಮಳೆ ದಾಖಲೆಯ ಪುಸ್ತಕ ಅವಳ ಮೇಜಿಗೆ ಬಂತು. ತೊಂಬತ್ತು ವರ್ಷ ಹಿಂದೆ ಯಾರೋ ಶಾಲಾ ಮಾಸ್ತರರು ತಮ್ಮ ಅಂಗಳದಲ್ಲಿ ಬಿದ್ದ ಮಳೆಯನ್ನು ದಿನಾ ಅಳೆದು, ಇಪ್ಪತ್ತಾರು ವರ್ಷ ಬಿಡದೆ ಬರೆದಿಟ್ಟದ್ದು. ಬೇರೆಲ್ಲೂ ಅದರ ಪ್ರತಿಯಿಲ್ಲ. ಅಂಚು ಹುಳು ತಿಂದು ಒರಟಾಗಿತ್ತು. ಕತ್ತರಿಸುವ ಯಂತ್ರದಲ್ಲಿ ನೂಲೆಳೆಯಷ್ಟು ಸವರಿದರೆ ಸಾಕು ಎಂದು ಶ್ ಸಾರ್ ಮೂರು ಸಲ ಹೇಳಿ ಹೋಗಿದ್ದರು.

ಆ ಯಂತ್ರದಲ್ಲಿ ಹಾಳೆಗಳು ಜರುಗದಂತೆ ಮೇಲಿನ ಚಕ್ರ ತಿರುಗಿಸಿ ಬಿಗಿ ಮಾಡಬೇಕು. ಅವಳು ತಿರುಗಿಸಿದಳು. ಕೊನೆಯ ಅರ್ಧ ಸುತ್ತಿಗೆ ಮಣಿಕಟ್ಟು ಒಪ್ಪಲಿಲ್ಲ. ಕಣ್ಣಲ್ಲಿ ನೀರು ಬಂತು. ಯಾರನ್ನಾದರೂ ಕರೆಯಬಹುದಿತ್ತು, ಕರೆಯಲಿಲ್ಲ. ಸಾಕು, ಹಿಡಿದೀತು ಎಂದುಕೊಂಡು ಬ್ಲೇಡಿನ ಹಿಡಿ ಎಳೆದಳು.

ಹಾಳೆಗಳು ಒಳಗೇ ಜಾರಿದವು. ಬ್ಲೇಡು ಓರೆಯಾಗಿ ಇಳಿಯಿತು. ತೆಗೆದು ನೋಡಿದರೆ ಮೂವತ್ತೊಂದು ಹಾಳೆಗಳ ಬಲತುದಿ ಹೋಗಿತ್ತು. ಬಲತುದಿಯ ಸಾಲಿನಲ್ಲೇ ಅಂಕಿಗಳಿದ್ದದ್ದು. ಹನ್ನೆರಡಿದ್ದ ಕಡೆ ಒಂದು, ನಲವತ್ತಮೂರಿದ್ದ ಕಡೆ ನಾಲ್ಕು. ಒಬ್ಬ ಮನುಷ್ಯ ಮಳೆಯಲ್ಲಿ ನಿಂತು ಅಳೆದದ್ದನ್ನು ತಾನು ಒಂದು ಏಟಿಗೆ ಸುಳ್ಳು ಮಾಡಿದೆನಲ್ಲ ಎಂದುಕೊಂಡಳು.

ಮುಚ್ಚಿಡುವ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹುಳು ತಿಂದಿತ್ತು ಎಂದರೆ ಯಾರು ಕೇಳುತ್ತಾರೆ? ಕಸದ ಬುಟ್ಟಿಗೆ ಬಿದ್ದ ಚೂರುಗಳನ್ನು ಸಂಜೆ ಗುಡಿಸುವವಳು ಒಯ್ದರೆ ಮುಗಿಯಿತು. ರಟ್ಟಕ್ಕ ಸ್ಟೂಲಿನ ಮೇಲೆ ಕೂತಳು. ಆಮೇಲೆ ನೆಲಕ್ಕೆ ಇಳಿದು, ಮಂಡಿ ಚೀರಿಕೊಂಡರೂ ಬಿಡದೆ, ಬುಟ್ಟಿಯಿಂದ ಚೂರುಗಳನ್ನು ಹೆಕ್ಕಲು ತೊಡಗಿದಳು. ಹೆಕ್ಕಲಾಗಲಿಲ್ಲ. ಒಂದೊಂದು ಅಂಕಿಯಷ್ಟೇ ಅಗಲದ ಆ ಕಾಗದದ ಎಳೆಗಳು ಮರಗಟ್ಟಿದ ಬೆರಳಿನ ನಡುವಿನಿಂದ ಜಾರಿ ಜಾರಿ ಬಿದ್ದವು.

ಶ್ ಸಾರ್ ಹನ್ನೊಂದಕ್ಕೆ ಇಳಿದು ಬಂದಾಗ ಅವಳು ನೆಲದ ಮೇಲೆ ಕೂತು ಅಳುತ್ತಿದ್ದಳು.

“ಏನಾಯ್ತು?”

ಅವಳು ಎದ್ದೇಳಲು ನೋಡಿದಳು, ಆಗಲಿಲ್ಲ. ಕೂತಲ್ಲಿಂದಲೇ ಹೇಳಿದಳು. “ಕೈಯಲ್ಲಿ ಶಕ್ತಿ ಇರ್ಲಿಲ್ಲ ಸಾರ್. ಬಿಗಿ ಆಗಿಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೂ ಎಳೆದೆ. ಒಂದು ವರ್ಷದಿಂದ ಹೀಗೇ ಇದೆ.”

ಶ್ ಸಾರ್ ಆ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಅವರ ಬಾಯಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ಅಂದೇ ಎಲ್ಲರಿಗೂ ತಿಳಿದದ್ದು. “ಒಂದು ವರ್ಷ! ಒಂದು ಮಾತು ಹೇಳೋಕಾಗಲ್ವಾ? ನಾನೇನು ಹುಲಿನಾ?” ಎಂದು ಕಿರುಚಿದ್ದು ಮೇಲಿನ ಓದುವ ಕೋಣೆಯವರೆಗೆ ಕೇಳಿತಂತೆ. ಹೊರಟೇ ಹೋದರು. ರಟ್ಟಕ್ಕ, ಇನ್ನು ಕೆಲಸ ಹೋಯಿತು ಎಂದುಕೊಂಡಳು. ಹತ್ತು ನಿಮಿಷಕ್ಕೆ ತಿರುಗಿ ಬಂದರು. ಕೈಯಲ್ಲಿ ಅಂಚೆಚೀಟಿ ಹಿಡಿಯುವ ಪುಟ್ಟ ಚಿಮಟ, ಒಂದು ಭೂತಗನ್ನಡಿ. ತಾವೂ ನೆಲದ ಮೇಲೆ ಕೂತು ಚೂರುಗಳನ್ನು ಎತ್ತತೊಡಗಿದರು.

“ಯಾವುದು ಯಾವ ಹಾಳೆದು ಅಂತ ನಿಮಗೆ ಗೊತ್ತಾಗುತ್ತಾ?”

“ಗೊತ್ತಾಗುತ್ತೆ ಸಾರ್. ಶಾಯಿ ಬಣ್ಣ, ಹುಳು ತಿಂದ ಗುರುತು ನೋಡಿದ್ರೆ ಹೇಳ್ತೀನಿ.”

“ಹಾಗಾದ್ರೆ ನೀವು ಹೇಳಿ, ನಾನು ಎತ್ತಿಡ್ತೀನಿ. ನಾಳೆ ಮಾತ್ರ ಇಲ್ಲಿಗೆ ಬರಬೇಡಿ. ಆಸ್ಪತ್ರೆಗೆ ಹೋಗಿ.”

ಅಂತೂ ರಟ್ಟಕ್ಕನ ಗುಟ್ಟು ರಟ್ಟಾಯಿತು ಎಂದು ಮೇಲಿನವರು ಆಡಿಕೊಂಡರು. ಆಡಿಕೊಂಡವರೇ ಸಂಜೆ ಅವಳ ಚೀಲ ಹೊತ್ತು ಹದಿನೆಂಟು ಮೆಟ್ಟಿಲು ಹತ್ತಿಸಿ ಕಳಿಸಿದರು.

ಮನೆಯಲ್ಲಿ ಹೇಳುವುದು ಇನ್ನೂ ಕಷ್ಟವಿತ್ತು. ಊಟಕ್ಕೆ ಕೂತಾಗ ಗಂಡನಿಗೆ ಅಂದಳು, “ರೀ, ನಾಳೆ ನನ್ನ ಜೊತೆ ಆಸ್ಪತ್ರೆಗೆ ಬರ್ತೀರಾ? ಕೈಕಾಲು ಹಿಡಿದುಹೋಗಿದೆ. ತುಂಬ ದಿನ ಆಯ್ತು.”

ಅವನು ಹಿಡಿದ ತುತ್ತನ್ನು ತಟ್ಟೆಗಿಟ್ಟ. “ಎಷ್ಟು ದಿನ?”

“ನೀವು ಡಬ್ಬಗಳ ಮುಚ್ಚಳ ಸಡಿಲ ಮಾಡಿ ಇಡ್ತಾ ಇದ್ರಲ್ಲ, ಆಗಲೇ ನಿಮಗೆ ಗೊತ್ತಾಗಿದೆ ಅಂದ್ಕೊಂಡಿದ್ದೆ.”

“ಯಾವ ಮುಚ್ಚಳ?”

ಅಡುಗೆಮನೆಯ ಡಬ್ಬಗಳೆಲ್ಲ ಐದಾರು ತಿಂಗಳಿಂದ ಮುಟ್ಟಿದರೆ ತೆರೆದುಕೊಳ್ಳುತ್ತಿದ್ದವು. ನಲ್ಲಿಯನ್ನೂ ಯಾರೂ ಬಿಗಿಯಾಗಿ ತಿರುಗಿಸುತ್ತಿರಲಿಲ್ಲ. ಗಂಡ ಅಮ್ಮನ ಕಡೆ ನೋಡಿದ. ಮುದುಕಿ ತಟ್ಟೆ ನೋಡುತ್ತಾ ಅನ್ನ ಕಲಸುತ್ತಲೇ ಇದ್ದಳು.

“ಉಪ್ಪಿನ ಡಬ್ಬ ತೆಗೆಯೋಕೆ ಹಲ್ಲು ಹಾಕಿದ್ದು ನೋಡಿದೆ,” ಎಂದಳು ಕೊನೆಗೆ. “ನೀನಾಗಿ ಹೇಳ್ತೀಯ ಅಂತ ಕಾಯ್ತಾ ಇದ್ದೆ. ಬಾಯಿ ಬಿಟ್ಟರೆ ಮುತ್ತು ಉದುರುತ್ತಾ ನಿಂದು?”

“ಮತ್ತೆ ಮೆಟ್ಟಿಲ ಮೇಲೆ ನಿಂತು ಹಂಗಿಸ್ತಿದ್ರಲ್ಲ ಅತ್ತೆ?”

“ರೋಷಕ್ಕಾದ್ರೂ ಬೈದು, ನೋಯ್ತಿದೆ ಅಂತೀಯೇನೋ ಅಂತ. ನೀನು ನಗ್ತಾ ನಿಂತ್ಕೋತಿದ್ದೆ. ನಾನೇನು ಮಾಡ್ಲಿ?” ಮುದುಕಿ ತಟ್ಟೆ ಪಕ್ಕಕ್ಕೆ ಸರಿಸಿದಳು. ಎದ್ದು ಕೈ ತೊಳೆಯಲು ಹೋದವಳು ಬೇಗ ಹಿಂದಿರುಗಲಿಲ್ಲ.

ಮರುದಿನ ಆಸ್ಪತ್ರೆಯಲ್ಲಿ ಕಂಡದ್ದು ಕೀಲುರೋಗದ ಡಾಕ್ಟರಮ್ಮ. ಆಕೆ ಮೊದಲು ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಎದ್ದ ಮೇಲೆ ಬಿಗಿ ಎಷ್ಟು ಹೊತ್ತು ಇರುತ್ತದೆ, ಜೋಮು ಯಾವ ಬೆರಳಿಗೆ, ಎಲ್ಲವನ್ನೂ ಕೇಳಿದರು. ಆಮೇಲೆ, “ಬೇರೆ ಏನು ಔಷಧ ತಗೋತೀರಿ?” ಅಂದರು.

“ಥೈರಾಯ್ಡಿಗೆ ಒಂದು. ಅದರ ಜೊತೆಗೆ ಸುಣ್ಣದ ಗುಳಿಗೆ. ಮೇಲೆ ಚಹಾ.”

“ಎರಡೂ ಒಟ್ಟಿಗೇನಾ?”

“ಮರೆಯಬಾರದು ಅಂತ ಡಾಕ್ಟ್ರಮ್ಮಾ.”

ಆಕೆ ಕುರ್ಚಿಗೆ ಒರಗಿದರು. ಬೈಯಲಿಲ್ಲ. “ಸುಣ್ಣದ ಗುಳಿಗೆ ಜೊತೆಗಿದ್ದರೆ ಥೈರಾಯ್ಡಿನ ಗುಳಿಗೆ ಮೈಗೆ ಸರಿಯಾಗಿ ಸೇರೋದೇ ಇಲ್ಲ ಅಮ್ಮಾ. ಚಹಾನೂ ಅಡ್ಡ ಬರುತ್ತೆ. ಹತ್ತಿರ ಹತ್ತಿರ ಒಂದು ವರ್ಷ ನೀವು ಗುಳಿಗೆ ನುಂಗಿದೀರಿ, ಆದರೆ ಮೈಗೆ ಸಿಕ್ಕಿರೋದು ಸ್ವಲ್ಪವೇ ಇರಬೇಕು.”

ರಕ್ತದ ವರದಿ ಬಂದಾಗ ಆ ಮಾತು ನಿಜವಾಯಿತು. ಥೈರಾಯ್ಡ್ ಇಳಿದಷ್ಟೂ ಏರುವ ಅಂಕಿ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಏರಿತ್ತು. ನಾಲ್ಕು ವರ್ಷ ಪರೀಕ್ಷೆಯಿಲ್ಲದೆ ಹಳೆಯ ಪ್ರಮಾಣವೂ ಸಾಲದಾಗಿತ್ತು. ಥೈರಾಯ್ಡ್ ಕುಸಿದರೆ ಸ್ನಾಯು ಬಿಗಿಯುತ್ತದೆ, ಕೀಲು ನೋಯುತ್ತದೆ, ಮಣಿಕಟ್ಟಿನಲ್ಲಿ ನರ ಅಮುಕಿ ಬೆರಳು ಜೋಮುಗಟ್ಟಬಹುದು ಎಂದು ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಗಂಡ ಕೇಳಿದ, “ಹಾಗಾದ್ರೆ ಗುಳಿಗೆ ಸರಿಹೋದ್ರೆ ಎಲ್ಲಾ ಸರಿಹೋಗುತ್ತಾ?”

“ಬಹಳಷ್ಟು ಹೋಗಬಹುದು. ಎಲ್ಲಾ ಅಂತ ಮಾತು ಕೊಡಲ್ಲ. ಮೈ ತನ್ನ ಮೇಲೆ ತಾನೇ ಜಗಳಕ್ಕೆ ಬಿದ್ದಾಗ ಒಮ್ಮೊಮ್ಮೆ ಕೀಲುಗಳನ್ನೂ ಸೇರಿಸಿಕೊಳ್ಳುತ್ತೆ. ಈ ಎರಡು ಗೆಣ್ಣು ಊದಿರೋದು ನನಗೆ ಅಷ್ಟು ಹಿಡಿಸ್ತಿಲ್ಲ. ಸಂಧಿವಾತದ ಪರೀಕ್ಷೆನೂ ಮಾಡಿಸೋಣ.”

ಆ ವರದಿಗೆ ನಾಲ್ಕು ದಿನ. ನಾಲ್ಕು ದಿನವೂ ರಟ್ಟಕ್ಕ ರಾತ್ರಿ ಎದ್ದು ದೀಪ ಹಚ್ಚಿ ಗೆಣ್ಣುಗಳನ್ನು ಒತ್ತಿ ಒತ್ತಿ ನೋಡಿಕೊಂಡಳು. ಸದ್ಯಕ್ಕೆ ಸಂಧಿವಾತದ ಸುಳಿವಿಲ್ಲ, ಆದರೆ ಆರು ತಿಂಗಳಿಗೊಮ್ಮೆ ತೋರಿಸಬೇಕು ಎಂದು ಬಂತು. ಥೈರಾಯ್ಡಿನ ಗುಳಿಗೆಯ ಪ್ರಮಾಣ ಏರಿತು; ಅದು ನೀರಲ್ಲಿ, ಬರಿಹೊಟ್ಟೆಗೆ. ಸುಣ್ಣದ ಗುಳಿಗೆ ಬೇಕಿರಲೇ ಇಲ್ಲವಂತೆ, ಅದನ್ನು ಬಿಡಿಸಿದರು. ಮಲಗುವಾಗ ಮಣಿಕಟ್ಟಿಗೆ ಪಟ್ಟಿ, ಬೆಳಿಗ್ಗೆ ಬಿಸಿನೀರಿನಲ್ಲಿ ಬೆರಳಿನ ವ್ಯಾಯಾಮ.

ಮೊದಲ ತಿಂಗಳು ಏನೂ ಆಗಲಿಲ್ಲ. ಇದೂ ಅಷ್ಟೇ ಎಂದು ಅವಳು ಕೈಚೆಲ್ಲಿ ಕೂತಾಗ ಅತ್ತೆ, “ಒಂದು ವರ್ಷ ಹಾಳಾದದ್ದು ಒಂದು ತಿಂಗಳಿಗೆ ಸರಿಹೋಗುತ್ತಾ?” ಎಂದು ಗದರಿದಳು. ಎರಡನೇ ತಿಂಗಳ ಕೊನೆಗೆ ಜೋಮು ಇಳಿಯಿತು. ಮೂರನೆಯದರಲ್ಲಿ ಒಂದು ಬೆಳಿಗ್ಗೆ ಅವಳು ಗಂಡನನ್ನು ಎಬ್ಬಿಸಿ ಮುಖದ ಮುಂದೆ ಮುಷ್ಟಿ ಹಿಡಿದಳು. ಅರೆನಿದ್ದೆಯ ಅವನು, “ಯಾಕೆ, ನಾನೇನು ಮಾಡ್ದೆ?” ಎಂದು ಹಿಂದಕ್ಕೆ ಸರಿದ. ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು.

ಅಷ್ಟರಲ್ಲಿ ನೆಲಮಾಳಿಗೆಯಲ್ಲಿ ಮಳೆಯ ಪುಸ್ತಕದ ಕೆಲಸ ನಡೆದಿತ್ತು. ಊಟದ ಬಿಡುವಿನಲ್ಲಿ ಶ್ ಸಾರ್ ಬರುತ್ತಿದ್ದರು. ಅವಳು ಗುರುತಿಸುತ್ತಿದ್ದಳು, ಅವರು ಚಿಮಟದಿಂದ ಎತ್ತಿ ಕೂರಿಸುತ್ತಿದ್ದರು, ಅವಳು ತೆಳು ಕಾಗದ ಬೆನ್ನಿಗಿಟ್ಟು ಅಂಟಿಸುತ್ತಿದ್ದಳು. ಮೂವತ್ತೊಂದು ಹಾಳೆಗಳಲ್ಲಿ ಇಪ್ಪತ್ತೊಂಬತ್ತು ಸರಿಯಾದವು. ಉಳಿದೆರಡರ ಚೂರು ಸಿಗಲೇ ಇಲ್ಲ. ಅಲ್ಲಿ ಖಾಲಿ ಬಿಟ್ಟು, ಇದು ಇಂಥ ವರ್ಷ ಬೈಂಡಿಂಗಿನಲ್ಲಿ ಕತ್ತರಿಸಿಹೋಗಿದೆ ಎಂದು ಪುಸ್ತಕದ ಕೊನೆಗೆ ಅವಳೇ ಬರೆದಳು. ಶ್ ಸಾರ್ ತಮ್ಮ ಹೆಸರನ್ನೂ ಕೆಳಗೆ ಸೇರಿಸಿದರು. “ಮೂರು ಸಲ ಹೇಳಿದವನು ಒಂದು ಸಲ ನಿಮ್ಮ ಕೈ ನೋಡಲಿಲ್ಲ,” ಎಂದರು.

ಮಂಡಿ ಈಗ ಮೆಟ್ಟಿಲಿಗೆ ಒಂದೇ ಪಾದ ಸಾಕು ಅನ್ನುತ್ತದೆ. ಆದರೆ ಬಲಗೈಯ ಆ ಎರಡು ಗೆಣ್ಣು ಇನ್ನೂ ಪೂರ್ತಿ ಇಳಿದಿಲ್ಲ. ಚಳಿಯ ದಿನಗಳಲ್ಲಿ ಕಾಡುತ್ತವೆ. ದಪ್ಪ ಸಂಪುಟಗಳ ಹೊಲಿಗೆಯನ್ನು ಅವಳು ಬೇರೊಬ್ಬಳಿಗೆ ಕಲಿಸಿ ಒಪ್ಪಿಸಿದ್ದಾಳೆ. ಬಿಟ್ಟುಕೊಡುವಾಗ ಹೊಟ್ಟೆ ಉರಿಯಿತು, ಅದನ್ನೂ ಹೇಳಿಯೇ ಬಿಟ್ಟುಕೊಟ್ಟಳು. ಯಂತ್ರದ ಚಕ್ರಕ್ಕೆ ಗಂಡ ಬಂದು ಉದ್ದನೆಯ ಹಿಡಿ ಕೂರಿಸಿಕೊಟ್ಟ. ಅದಿದ್ದರೂ, ಕೈ ನೋಯುವ ದಿನ ರಟ್ಟಕ್ಕ ಮೆಟ್ಟಿಲ ಬುಡಕ್ಕೆ ಬಂದು ಮೇಲಕ್ಕೆ ಕೂಗುತ್ತಾಳೆ: “ಯಾರಾದ್ರೂ ಇಳಿದು ಬರ್ರಪ್ಪಾ, ಅರ್ಧ ಸುತ್ತು ತಿರುಗಿಸಿಕೊಟ್ಟು ಹೋಗಿ!” ಓದುವ ಕೋಣೆಯಲ್ಲಿ ಎಲ್ಲರೂ ತಲೆ ಎತ್ತಿ ನೋಡುತ್ತಾರೆ. ಸದ್ದು ಮಾಡಬೇಡಿ ಎಂದು ಯಾರೂ ಅವಳಿಗೆ ಹೇಳುವುದಿಲ್ಲ.