ಗಾಜಿನ ಮೇಲೆ ಬಿದ್ದ ಕುಂಕುಮ

ರಾಜಾಜಿನಗರದ ನಮ್ಮ ವರ್ಕ್‌ಶಾಪಿನಿಂದ ಮೆಟಡಾರ್ ವ್ಯಾನು ಹೊರಟಾಗ ಬೆಳಿಗ್ಗೆ ಆರೂವರೆ. ಎಂಬತ್ತಾರರ ಮಾಗಿ ಚಳಿ. ಹಿಂದಿನ ಸೀಟಿನಲ್ಲಿ ಹಿರಿಯ ಫಿಟ್ಟರ್ ನಾರಾಯಣಪ್ಪ, ಅವರ ತೊಡೆಯ ಮೇಲೆ ಇನ್ನೂ ಮದ್ದು ತುಂಬದ ಗಜದುದ್ದದ ರಾಕೆಟ್ಟು. ಅದರ ಮೂತಿಯ ಸುತ್ತ ನಾಲ್ಕು ಪುಟ್ಟ ಗಾಜಿನ ಕಿಟಕಿಗಳು. ಬೆಳಕು ಕಂಡ ಕಡೆ ಆಕಾಶ, ಕತ್ತಲೆ ಕಂಡ ಕಡೆ ನೆಲ. ಹಾಗೆ ಗುರುತಿಸಿ, ರೆಕ್ಕೆ ತಿರುಗಿಸಿ, ಅದು ಹಾರುವಾಗ ತನ್ನನ್ನು ತಾನೇ ನೆಟ್ಟಗೆ ಇಟ್ಟುಕೊಳ್ಳಬೇಕು. ಎರಡು ವರ್ಷ ನಾನು ಮಾಡಿದ ಕೆಲಸ ಇದೊಂದೇ.

ವಿಜಯನಗರದಲ್ಲಿ ಇಡ್ಲಿ, ಕಾಫಿ ಆಯಿತು. ನಾರಾಯಣಪ್ಪ ಕನ್ನಡಕ ಒರೆಸಿಕೊಳ್ಳುತ್ತ, "ನಿಮ್ ರಾಕೆಟ್‌ಗೂ ನಾಲ್ಕು ಕಣ್ಣು, ನಂಗೂ ನಾಲ್ಕು. ಯಾರ್ ಚೆನ್ನಾಗ್ ನೋಡ್ತೀವೋ ಇವತ್ತು ಗೊತ್ತಾಗುತ್ತೆ ಬಿಡಿ ಸಾರ್" ಎಂದರು.

ಕೆಂಗೇರಿ ದಾಟಿ ಎಂಟು ಮೈಲಿ ಹೋಗಿ, ಎಡಕ್ಕೆ ಮಣ್ಣುದಾರಿ ಹಿಡಿದರೆ, ರಾಕೆಟ್ಟು ಹಾರಿಸಿ ನೋಡಲು ಆರಿಸಿದ್ದ ಪಾಳುಬಿದ್ದ ಕಲ್ಲುಕ್ವಾರಿ. ಅಷ್ಟರಲ್ಲಿ ಮಂಜು ಕರಗಿ ಬಿಸಿಲು ಬಂದಿತ್ತು. ಮದ್ದು ತುಂಬಿದ ಮೇಲೆ ನಾಲ್ಕೂ ಗಾಜನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ತಪಾಸಣೆಯ ಹಾಳೆಯಲ್ಲಿ 'ಗಾಜು ಶುದ್ಧವಾಗಿದೆ' ಎಂಬ ಸಾಲಿನ ಮುಂದೆ ಸಹಿ ಹಾಕಿದೆ.

ಪೂಜೆ ಆದದ್ದು ಆಮೇಲೆ. ನಾರಾಯಣಪ್ಪ ತೆಂಗಿನಕಾಯಿ ಒಡೆದು, ಕರ್ಪೂರ ಬೆಳಗಿ, ರಾಕೆಟ್ಟಿಗೆ ಅರಿಸಿನ ಕುಂಕುಮ ಇಟ್ಟರು. ಒಂದು ಬೊಟ್ಟು ಸರಿಯಾಗಿ ಗಾಜಿನ ಮೇಲೆ ಕೂತಿತು. ನಾನು ನೋಡಿದೆ. ಹತ್ತಿ ಇನ್ನೂ ನನ್ನ ಕೈಯಲ್ಲೇ ಇತ್ತು. ಇಟ್ಟ ಕುಂಕುಮವನ್ನು ಅವರ ಕಣ್ಣೆದುರೇ ಅಳಿಸಲು ಮನಸ್ಸಾಗಲಿಲ್ಲ. ಮೂರು ಗಾಜು ಸಾಕಾದೀತು ಎಂದು ನನಗೆ ನಾನೇ ಹೇಳಿಕೊಂಡೆ.

ಸಾಕಾಗಲಿಲ್ಲ. ನೆಟ್ಟಗೆ ಏರಿದ ರಾಕೆಟ್ಟು ಕುಂಕುಮದ ಕಡೆಯನ್ನೇ ನೆಲವೆಂದು ತಿಳಿದು ಬಾಗಿತು, ಸುತ್ತು ಹಾಕಿತು, ನಾವು ಅಡಗಿದ್ದ ಮರಳುಮೂಟೆಗಳತ್ತಲೇ ಬಂತು. ಆ ಸಿಳ್ಳು ಈಗಲೂ ನನ್ನ ಕಿವಿಯಲ್ಲಿದೆ. ಪಕ್ಕದ ಬಂಡೆಗೆ ಬಡಿದು ಸಿಡಿಯಿತು. ಕಲ್ಲಿನ ಚೂರು ನಾರಾಯಣಪ್ಪನವರ ಕನ್ನಡಕ ಒಡೆದು ಎಡಗಣ್ಣಿಗೆ ಹೊಕ್ಕಿತು.

ಕೆಂಗೇರಿಯ ಡಾಕ್ಟರು ಕಟ್ಟು ಹಾಕಿ, ಕಣ್ಣು ಉಳಿಯುವುದು ಕಷ್ಟ, ಬೇಗ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು. ಬೆಳಿಗ್ಗೆ ಬಂದ ದಾರಿಯಲ್ಲೇ ವ್ಯಾನು ಓಡಿತು. ನಾರಾಯಣಪ್ಪ ನನ್ನ ಕೈ ಹಿಡಿದುಕೊಂಡರು.

"ಹೆದರ್ಕೋಬೇಡಿ ಸಾರ್. ಪೂಜೆ ಮಾಡಿದ್ವಲ್ಲ, ಅದಕ್ಕೇ ಒಂದ್ ಕಣ್ಣಲ್ಲಿ ಹೋಯ್ತು. ಇಲ್ದಿದ್ರೆ ಇಬ್ರೂ ಇರ್ತಿರ್ಲಿಲ್ಲ. ಹೌದೋ ಅಲ್ವೋ?"

ಸಹಿ ಮಾಡಿದ ಹಾಳೆ ನನ್ನ ಜೇಬಿನಲ್ಲಿತ್ತು. ಹಿಂದಿನ ಗಾಜಿನಲ್ಲಿ ಕೆಂಗೇರಿಯ ರಸ್ತೆ ಧೂಳಾಗಿ ಸರಿಯುತ್ತಿತ್ತು.

"ಹೌದು ನಾರಾಯಣಪ್ಪನೋರೆ" ಎಂದೆ.