ಪ್ಯೋ ಮೇಸ್ತ್ರಿಯ ಕಿವಿ

ನಮ್ಮ ಜೆಚಿಯೊನ್ ಊರಿನಲ್ಲಿ ಅಕ್ಟೋಬರ್ ಮುಗಿಯುತ್ತ ಬಂತೆಂದರೆ ಜನ ಎರಡಕ್ಕಾಗಿ ಪರದಾಡುತ್ತಾರೆ: ಚಳಿಗಾಲದ ಕಿಮ್ಚಿ ಉಪ್ಪಿನಕಾಯಿಗೆ ಒಳ್ಳೆಯ ಎಲೆಕೋಸು, ಮತ್ತೆ ಪ್ಯೋ ಮೇಸ್ತ್ರಿ. ಕೋಸಾದರೆ ಲಾರಿಗಟ್ಟಲೆ ಬರುತ್ತದೆ. ಪ್ಯೋ ಮೇಸ್ತ್ರಿ ಒಬ್ಬನೇ.

ಹೆಸರು ಪ್ಯೋ ದಾಲ್-ಸು, ವಯಸ್ಸು ಐವತ್ತೆಂಟು. ಊರಿನ ಪ್ರತಿ ಮನೆಯ ಹಿಂದಿನ ವರಾಂಡದ ಗೋಡೆಯಲ್ಲೂ ಒಂದು ಗ್ಯಾಸ್ ಬಾಯ್ಲರ್ ತೂಗುತ್ತಿರುತ್ತದೆ. ನೀರು ಕಾಯಿಸಿ, ನೆಲದ ಕೆಳಗೆ ಸುತ್ತಿಸುತ್ತಿ ಹಾಸಿದ ಕೊಳವೆಗಳಲ್ಲಿ ಓಡಿಸಿ, ಮನೆಯವರ ಬೆನ್ನು ಬೆಚ್ಚಗಿಡುವುದು ಅದರ ಕೆಲಸ. ಬೇಸಿಗೆಯೆಲ್ಲ ಸುಮ್ಮನಿದ್ದು, ಮೊದಲ ಚಳಿ ಬಿದ್ದ ದಿನ ಸರಿಯಾಗಿ ಕೈಕೊಡುವುದು ಅದರ ಸ್ವಭಾವ. ಅದನ್ನು ಗೋಡೆಗೇರಿಸಿ ಕೂರಿಸುವುದು, ವರ್ಷಕ್ಕೊಮ್ಮೆ ಬಿಚ್ಚಿ ಶುಚಿಮಾಡುವುದು ದಾಲ್-ಸುವಿನ ಕಸುಬು.

ಬೇರೆ ಮೇಸ್ತ್ರಿಗಳು ಬಂದ ಕೂಡಲೇ ಮುಚ್ಚಳ ಬಿಚ್ಚಿ ಮೀಟರು ಹಚ್ಚುತ್ತಾರೆ. ದಾಲ್-ಸು ಹಾಗಲ್ಲ. ಬಾಗಿಲಲ್ಲಿ ಬೂಟು ಕಳಚಿಟ್ಟು ಒಳಗೆ ಬಂದವನೇ ಕೈ ಎತ್ತಿ ನಿಲ್ಲುತ್ತಿದ್ದ. ಮನೆಯೆಲ್ಲ ಗಪ್‌ಚಿಪ್ ಆಗಬೇಕು. ಬಟ್ಟೆ ಒಗೆಯುವ ಮಿಷನ್ನು ನಿಲ್ಲಬೇಕು. ಕ್ಷೌರದಂಗಡಿಯ ಮೋಕ್ ಯೊಂಗ್-ಪಿಲ್‌ನ ಮನೆಯಲ್ಲಂತೂ ಅಳುತ್ತಿದ್ದ ಹಸುಗೂಸನ್ನು ಪಕ್ಕದ ಮನೆಗೆ ಸಾಗಹಾಕಿಸಿದ್ದ. ಆಮೇಲೆ ಕಣ್ಣು ಮುಚ್ಚಿ, ಬಾಯ್ಲರಿನ ಮುಚ್ಚಳಕ್ಕೆ ಕಿವಿಯೊಡ್ಡಿ, ಗಂಟಲು ಸರಿಮಾಡಿಕೊಂಡು ತೀರ್ಪು ಕೊಡುತ್ತಿದ್ದ: "ಪಂಪು ಗೊಣಗ್ತಿದೆ." "ಫ್ಯಾನಿಗೆ ನೆಗಡಿ." "ಇದಕ್ಕೇನೂ ಆಗಿಲ್ಲ, ಸುಮ್ನೆ ಹಟ."

ಒಂದು ಕಾಲದಲ್ಲಿ ಅವನ ತೀರ್ಪು ಸುಳ್ಳಾದದ್ದೇ ಇಲ್ಲ ಅನ್ನುವುದೂ ನಿಜ. ಇಪ್ಪತ್ತು ವರ್ಷದ ಹಿಂದೆ ರಸ್ತೆಯಲ್ಲಿ ಕಿತ್ತಳೆ ತಿನ್ನುತ್ತ ನಿಂತಿದ್ದವನು, ಎದುರಿನ ಸಾರ್ವಜನಿಕ ಸ್ನಾನಗೃಹದ ಬಾಯ್ಲರು ಒಡೆಯುವುದರಲ್ಲಿದೆ ಎಂದು ಸದ್ದಿನಲ್ಲೇ ಹಿಡಿದು, ಒಳಗಿದ್ದವರನ್ನೆಲ್ಲ ಟವೆಲ್ಲಿನಲ್ಲಿ ಹೊರಗೆ ಓಡಿಸಿದ್ದ. ಆ ಕಥೆಯನ್ನು ಅವನು ಎಷ್ಟು ಸಲ ಹೇಳಿದ್ದಾನೆಂದರೆ, ಹೇಳುತ್ತ ಹೇಳುತ್ತ ರಸ್ತೆ ಅರ್ಧ ಮೈಲಿ ದೂರ ಸರಿದಿದೆ, ಟವೆಲ್ಲುಗಳು ಚಿಕ್ಕವಾಗಿವೆ.

ಹೆಂಡತಿ ಮಿ-ಒಕ್ ಎರಡು ವರ್ಷದಿಂದ ಅವನ ಅಂಗಡಿಯ ಫೋನನ್ನು ತಾನೇ ಇಟ್ಟುಕೊಂಡಿದ್ದಳು. ನಮ್ಮ ಮಾತಿನಲ್ಲಿ ಸಾಮ್ ಎಂದರೆ ಮೂರು, ಸಾ ಎಂದರೆ ನಾಲ್ಕು. ಫೋನಿನಲ್ಲಿ ಸಾಮ್ ಅಂದದ್ದನ್ನು ಸಾ ಎಂದು ಕೇಳಿಸಿಕೊಂಡ ದಾಲ್-ಸು ಮೂರನೇ ಮಹಡಿಯ ಬದಲು ನಾಲ್ಕನೆಯದಕ್ಕೆ ಹತ್ತಿ, ಆರೋಗ್ಯವಾಗಿದ್ದ ಬಾಯ್ಲರೊಂದನ್ನು ಪೂರ್ತಿ ಬಿಚ್ಚಿ ತೊಳೆದು ಬಂದಿದ್ದ. ಕೆಳಗಿನ ಮನೆಯವರು ಕೋಟು ಹಾಕಿಕೊಂಡು ಕಾಯುತ್ತ ಕೂತಿದ್ದರು.

"ಫೋನೇ ಸರಿಯಿಲ್ಲ," ಅಂದ ದಾಲ್-ಸು.

"ಹೌದೌದು, ಫೋನೇ ಸರಿಯಿಲ್ಲ," ಅಂದು ಮಿ-ಒಕ್ ಅದನ್ನು ತನ್ನ ಏಪ್ರನ್ ಜೇಬಿಗೆ ಇಳಿಸಿಕೊಂಡಳು. ಅಂದಿನಿಂದ ಯಾರ ಮನೆ, ಯಾವ ಮಹಡಿ, ಏನು ತೊಂದರೆ ಎಂದು ಬರೆದಿಡುವುದೂ ಅವಳ ಪಾಲಾಯಿತು.

ಹೋದ ಅಕ್ಟೋಬರಿನಲ್ಲಿ ಗುಕ್ ಸುನ್-ಬೊಕ್ ಅನ್ನುವವರಿಂದ ಫೋನು ಬಂತು. ರೈಲ್ವೆ ಕ್ವಾರ್ಟರ್ಸಿನ ಹಿಂದಿನ ದಿಣ್ಣೆಯ ಮೇಲೆ ಒಂಟಿಯಾಗಿರುವ ಎಪ್ಪತ್ತನಾಲ್ಕರ ಹೆಂಗಸು. ಹರೆಯದಲ್ಲಿ ಯೊಂಗ್ವೊಲ್ ಬಸ್ಸಿನ ಕಂಡಕ್ಟರು. ಬಾಗಿಲಲ್ಲಿ ನೇತಾಡುತ್ತ ಬಸ್ಸಿನ ಮೈಗೆ ಬಡಿದು "ರೈಟ್!" ಎಂದು ಕೂಗಿದರೆ ಆಚೆ ಬೆಟ್ಟಕ್ಕೆ ಕೇಳುತ್ತಿತ್ತಂತೆ. ಈಗಲೂ ಆಕೆ ಮಾತಾಡಿದರೆ ಡ್ರೈವರಿಗೆ ಹೇಳಿದ ಹಾಗೇ ಇರುತ್ತದೆ.

"ಬಾಯ್ಲರು ಸಿಳ್ಳು ಹಾಕ್ತಿದೆ ಕಣಪ್ಪಾ ಮೇಸ್ತ್ರಿ," ಅಂದಳು ಸುನ್-ಬೊಕ್, ದಾಲ್-ಸು ಮನೆಗೆ ಬಂದ ಕೂಡಲೇ. "ಸಣ್ಣಗೆ, ಸೊಳ್ಳೆ ಹಾಗೆ."

ದಾಲ್-ಸು ಕೈ ಎತ್ತಿದ, ಕಣ್ಣು ಮುಚ್ಚಿದ, ಕಿವಿಯೊಡ್ಡಿದ. ಪಂಪಿನ ಗುಂಯ್ ಬಿಟ್ಟು ಬೇರೇನಿಲ್ಲ.

"ಅಮ್ಮಾ, ಮಗು ಮಲಗಿದ ಹಾಗಿದೆ. ಏನೂ ಇಲ್ಲ." ಮುಚ್ಚಳ ಬಿಚ್ಚದೆಯೇ ಹೊರಟ.

ವಾರ ಕಳೆದು ಮತ್ತೆ ಕರೆ. "ಸೊಳ್ಳೆ ತನ್ನ ಅಮ್ಮನ್ನೂ ಕರ್ಕೊಂಡು ಬಂದಿದೆ," ಅಂದಳು ಆಕೆ. ದಾಲ್-ಸು ಮತ್ತೆ ಕಿವಿಯೊಡ್ಡಿದ. ಈ ಸಲ ಅವನ ದನಿಯಲ್ಲಿ ಕನಿಕರ ಇತ್ತು.

"ಅಮ್ಮಾ, ತಪ್ಪು ತಿಳ್ಕೋಬೇಡಿ. ವಯಸ್ಸಾದ ಮೇಲೆ ಕಿವಿಯೊಳಗೇ ಹಾಗೆ ಸದ್ದು ಬರುತ್ತೆ. ಒಂದ್ಸಲ ಡಾಕ್ಟರಿಗೆ ತೋರಿಸಿ."

ಸುನ್-ಬೊಕ್ ಬಾರ್ಲಿ ಚಹಾ ಕೊಟ್ಟು, "ತೋರಿಸ್ತೀನಪ್ಪಾ," ಅಂದಳು.

ತೋರಿಸಿಯೇ ಬಿಟ್ಟಳು. ಮೂರನೇ ಸಲ ದಾಲ್-ಸು ಬರುವಾಗ ಆಕೆ ಅಂಗಳದಲ್ಲಿ ಆಸ್ಪತ್ರೆಯ ಕಾಗದ ಹಿಡಿದು ನಿಂತಿದ್ದಳು.

"ಓದು."

ಅವಳ ವಯಸ್ಸಿಗೆ ಇಷ್ಟು ಚುರುಕಾದ ಕಿವಿ ಅಪರೂಪ ಎಂದು ಡಾಕ್ಟರು ಬರೆದಿದ್ದರು. ದಾಲ್-ಸು ಎರಡು ಸಲ ಓದಿದ.

"ಡಾಕ್ಟರ ಮಾತು ಸಾಲದು ಅಂದ್ರೆ ಇಲ್ಲೇ ಪರೀಕ್ಷೆ ಮಾಡೋಣ," ಅಂದಳು ಸುನ್-ಬೊಕ್. "ಒಳಗೆ ಹೋಗಿ ಬಾಯ್ಲರಿನ ಬಟನ್ ಒತ್ತು, ಆರಿಸು, ಒತ್ತು, ಆರಿಸು. ನಾನು ವರಾಂಡದಲ್ಲಿ ಗೋಡೆ ಕಡೆ ಮುಖ ಮಾಡಿ ನಿಲ್ತೀನಿ. ಸಿಳ್ಳು ಬಂದಾಗ ಹೇಳ್ತೀನಿ."

ದಾಲ್-ಸು ಒತ್ತಿದ. ಬಾಯ್ಲರು ಹತ್ತಿಕೊಳ್ಳುವ ಮೊದಲು ಫ್ಯಾನು ಒಂದಷ್ಟು ಹೊತ್ತು ತಿರುಗುತ್ತದೆ. ಅದು ತಿರುಗಿದ್ದೇ ತಡ, ಗೋಡೆಗೆ ಧಬ್ ಎಂದು ಬಡಿದ ಸದ್ದು, ಹಿಂದೆಯೇ "ಬಂತು!" ಅನ್ನುವ ಕೂಗು. ಆರಿಸಿದ. ಧಬ್. "ಹೋಯ್ತು!" ಐದು ಸಲ ಹಾಕಿದ, ಐದು ಸಲವೂ ತಪ್ಪಲಿಲ್ಲ.

"ಈಗ ನಿನ್ನ ಸರದಿ. ಬಾ, ಇಲ್ಲಿ ನಿಲ್ಲು."

ದಾಲ್-ಸು ಗೋಡೆಗೆ ಮುಖ ಮಾಡಿ ನಿಂತ. ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದ ಹಾಗಿತ್ತು. ಕಾದ. ಏನೂ ಇಲ್ಲ. "ಒತ್ತಿ ಅಮ್ಮಾ, ಕಾಯ್ತಿದ್ದೀನಿ," ಅಂದ.

"ಒತ್ತಿ ಆಗ್ಲೇ ಎಷ್ಟು ಹೊತ್ತಾಯ್ತು," ಎಂದು ಹಿಂದಿನಿಂದ ದನಿ ಬಂತು. ಅದೇ ಹೊತ್ತಿಗೆ ಬಾಯ್ಲರು ಧುಪ್ ಎಂದು ಹತ್ತಿಕೊಂಡಿತು. ಅದು ಕೇಳಿಸಿತು. ಪಂಪೂ ಕೇಳಿಸಿತು. ಸಿಳ್ಳು ಮಾತ್ರ ಅವನ ಪಾಲಿಗೆ ಇರಲೇ ಇಲ್ಲ.

ದಾಲ್-ಸು ಮುಚ್ಚಳ ಬಿಚ್ಚಿದ. ಫ್ಯಾನಿನ ಡಬ್ಬಿಯ ಮೇಲೆ ಅಂಗೈ ಇಟ್ಟ. ಹಿಡಿದ ಹಕ್ಕಿಯ ಎದೆಯಂತೆ ಅದು ನಡುಗುತ್ತಿತ್ತು. ಬೇರಿಂಗ್ ಸವೆದು ಹೋಗಿ ಎಷ್ಟು ದಿನವಾಗಿತ್ತೋ. ಆ ನಡುಕಕ್ಕೆ ಮೇಲಿನ ಹೊಗೆಕೊಳವೆಯ ಕೂಡಿಕೆಯಲ್ಲಿ ಹಚ್ಚಿದ ಸಿಲಿಕೋನ್ ಅಂಟು ಬಿರಿದು, ಬೆರಳಿನ ಉಗುರು ತೂರುವಷ್ಟು ಸಂದಿ ಬಿಟ್ಟಿತ್ತು. ಹೊರಗೆ ಹೋಗಬೇಕಾದ ಸುಟ್ಟ ಗಾಳಿ ವರಾಂಡಕ್ಕೆ ಬರುತ್ತಿತ್ತು. ವರಾಂಡದ ಬಾಗಿಲು ಅಡುಗೆಮನೆಗೆ, ಅಡುಗೆಮನೆಯ ಬಾಗಿಲು ಆಕೆ ಮಲಗುವ ಕೋಣೆಗೆ. ಗಾಳಿ ಅಳೆಯುವ ಮೀಟರು ಹತ್ತಿರ ಹಿಡಿದರೆ ಅಂಕಿ ಏರುತ್ತಲೇ ಹೋಯಿತು. ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ ಅದು. ಮಲಗಿದವರನ್ನು ಮಲಗಿದಲ್ಲೇ ಮುಗಿಸುತ್ತದೆ.

ಗ್ಯಾಸ್ ಮುಚ್ಚಿದ. ಮನೆಯ ಕಿಟಕಿಗಳನ್ನೆಲ್ಲ ತೆರೆದ. ಸುನ್-ಬೊಕ್‌ಳ ತೋಳು ಹಿಡಿದು ಅಂಗಳಕ್ಕೆ ಕರೆತಂದ.

"ಅಮ್ಮಾ, ಇತ್ತೀಚೆಗೆ ತಲೆನೋವೇನಾದ್ರೂ ಬರ್ತಿತ್ತಾ?"

"ದಿನಾ ಬೆಳಗ್ಗೆ. ನಿನ್ನ ಮೇಲಿನ ಸಿಟ್ಟಿಗೆ ಬರುತ್ತೆ ಅಂದ್ಕೊಂಡಿದ್ದೆ."

ಆಕೆ ಬೇಡ ಬೇಡ ಅಂದರೂ ವ್ಯಾನಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದ. ರಕ್ತ ಪರೀಕ್ಷೆ ಮಾಡಿ ಎರಡು ಗಂಟೆ ಆಮ್ಲಜನಕ ಕೊಟ್ಟರು. ಮುಖಕ್ಕೆ ಹಾಕಿದ ಮಾಸ್ಕನ್ನು ಆಗಾಗ ಎತ್ತಿ ಆಕೆ ಅವನಿಗೆ ಬೈಯುತ್ತಿದ್ದಳು: ವ್ಯಾನಿನ ಹಿಂಬಾಗಿಲು ಲೊಟಲೊಟ ಅನ್ನುತ್ತೆ, ಮೂರನೇ ಗೇರು ಕಿರುಚುತ್ತೆ, ಇಂಥ ಗಾಡಿಗೆ ತಾನಾಗಿದ್ದರೆ ರೈಟ್ ಹೇಳುತ್ತಲೇ ಇರಲಿಲ್ಲ. ಅಪಾಯವೇನಿಲ್ಲ, ಆಕೆ ತನ್ನ ಅಕ್ಕನ ಮನೆಯಲ್ಲಿ ರಾತ್ರಿ ಕಳೆಯಲಿ ಎಂದರು ಡಾಕ್ಟರು. ಮರುದಿನವೇ ದಾಲ್-ಸು ಆ ಮನೆಗೆ ಹೊಸ ಬಾಯ್ಲರು, ಹೊಸ ಹೊಗೆಕೊಳವೆ, ವಿಷಗಾಳಿ ಬಂದರೆ ಕೂಗುವ ಅಲಾರಂ ಎಲ್ಲವನ್ನೂ ಕೂರಿಸಿಕೊಟ್ಟ.

ಆಸ್ಪತ್ರೆಯಿಂದ ದಾಲ್-ಸು ಮನೆಗೆ ಬಂದ ಆ ಸಂಜೆಯೇ ಮಿ-ಒಕ್ ಮೂಲಂಗಿ ಹೆಚ್ಚುತ್ತಿದ್ದಳು. ದಾಲ್-ಸು ಅವಳೆದುರು ಕೂತ.

"ನಂಗೆ ಕಿವಿ ಸರಿಯಾಗಿ ಕೇಳ್ತಿಲ್ಲ ಕಣೇ."

"ಗೊತ್ತು."

"ಯಾವಾಗಿಂದ?"

"ಎರಡು ವರ್ಷ ಆಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳ್ದೆ. ಮೂರು ಸಲ ಹೇಳ್ದೆ. ನಿಮಗೆ ಕೇಳಿಸ್ಲಿಲ್ಲ." ಮೂಲಂಗಿ ಬಟ್ಟಲಿಗೆ ಸುರಿದಳು. "ನಾಲ್ಕನೇ ಸಲ ಯಾಕೆ ಹೇಳ್ಬೇಕು ಅನ್ನಿಸ್ತು. ನಿಜ ಹೇಳ್ಬೇಕಂದ್ರೆ ನೆಮ್ಮದಿಯಾಗಿತ್ತು ಕಣ್ರೀ. ನಿಮ್ಮ ತಂಗಿ ಬಗ್ಗೆ ಬಾಯಿಗೆ ಬಂದದ್ದನ್ನೆಲ್ಲ ಅಂದ್ಕೊಂಡು ಅಡುಗೆ ಮಾಡ್ತಿದ್ದೆ."

ಆಮೇಲೆ ಅವನು ಹೊಗೆಕೊಳವೆಯ ಸಂದಿಯ ವಿಷಯ ಹೇಳಿದ. ಮಿ-ಒಕ್‌ಳ ನಗು ಆರಿತು. ಚಾಕು ಕೆಳಗಿಟ್ಟಳು. ಇಬ್ಬರ ತಲೆಯಲ್ಲೂ ಒಂದೇ ಮಾತು ಓಡುತ್ತಿತ್ತು. ಕೊನೆಗೆ ಅವಳೇ ಎದ್ದುಹೋಗಿ, ಸೆಪ್ಟೆಂಬರಿನಿಂದ ಅವನು ಹೋಗಿಬಂದ ಮನೆಗಳ ಪುಸ್ತಕ ತಂದಳು.

"ಯಾವ್ಯಾವ ಮನೇಲಿ ಮುಚ್ಚಳ ಬಿಚ್ಚಿಲ್ಲ, ನೆನಪು ಮಾಡ್ಕೊಂಡು ಹೇಳಿ. ಸುಳ್ಳು ಹೇಳ್ಬೇಡಿ."

ಮೂವತ್ತೇಳು ಮನೆಗಳಾದವು.

ಮಾರನೇ ದಿನ ಸುನ್-ಬೊಕ್‌ಳ ಮನೆ ಕೆಲಸ ಮುಗಿಸಿದ್ದೇ ಹೊರಟರು. ಹೊರಟರು ಅಂದರೆ ಇಬ್ಬರೂ. "ನಿಮ್ಮ ಕೈ, ನನ್ನ ಕಿವಿ," ಎಂದು ಮಿ-ಒಕ್ ವ್ಯಾನು ಹತ್ತಿ ಕೂತುಬಿಟ್ಟಿದ್ದಳು. ಮೊದಲ ಮೂರು ಮನೆಗಳಲ್ಲಿ ದಾಲ್-ಸು, ಇದು ಅಂಗಡಿಯ ಕಡೆಯಿಂದ ಚಳಿಗಾಲದ ಉಚಿತ ತಪಾಸಣೆ ಎಂದುಬಿಟ್ಟ. ಜನ ಖುಷಿಪಟ್ಟು ಸಿಹಿಗೆಣಸು ಕೊಟ್ಟರು. ಗೆಣಸನ್ನು ಅವನು ತಿನ್ನದೆ ವ್ಯಾನಿನಲ್ಲೇ ಇಟ್ಟ. ನಾಲ್ಕನೆಯದು ಕ್ಷೌರದ ಯೊಂಗ್-ಪಿಲ್‌ನ ಮನೆ. ಅಲ್ಲೂ ಅದೇ ರಾಗ ಎಳೆಯಲು ಬಾಯಿ ತೆರೆದಾಗ ಮಿ-ಒಕ್ ಮೊಣಕೈಯಲ್ಲಿ ತಿವಿದಳು.

"ಅದು ಏನಂದ್ರೆ, ಯೊಂಗ್-ಪಿಲ್," ಅಂದ ದಾಲ್-ಸು, ತನ್ನ ಕಾಲ್ಚೀಲ ನೋಡುತ್ತ. "ನಂಗೆ ಕಿವಿ ಕೇಳಲ್ಲ. ಹೋದ ಸಲ ಕೇಳಿದ ಹಾಗೆ ನಾಟಕ ಮಾಡ್ದೆ. ಮುಚ್ಚಳ ಬಿಚ್ಚಬೇಕಿತ್ತು, ಬಿಚ್ಚಲಿಲ್ಲ. ಈಗ ಬಿಚ್ಚೋಕೆ ಬಂದಿದ್ದೀನಿ."

ಯೊಂಗ್-ಪಿಲ್ ಬಾಯಿ ತೆರೆದುಕೊಂಡು ನಿಂತ. "ಹಾಗಾದ್ರೆ ಮೇಸ್ತ್ರಿಗಳೇ, ಅವತ್ತು ನನ್ನ ಕೂಸನ್ನ ಪಕ್ಕದ ಮನೆಗೆ ಅಟ್ಟಿದ್ದು ದಂಡಕ್ಕಾ? ಅದು ನಿಮ್ಮ ತೊಡೆ ಮೇಲೆ ಕೂತು ಅತ್ತಿದ್ರೂ ನಡೀತಿತ್ತಲ್ಲ!"

"ನಡೀತಿತ್ತು," ಅಂದ ದಾಲ್-ಸು.

ಬಿಚ್ಚಿ ನೋಡಿದರೆ ಯೊಂಗ್-ಪಿಲ್‌ನ ಹೊಗೆಕೊಳವೆಯ ಕ್ಲಾಂಪೂ ಸಡಿಲವಾಗಿತ್ತು. ವಿಷ ಇನ್ನೂ ಒಳಗೆ ಬಂದಿರಲಿಲ್ಲ, ಬರಲು ದಾರಿ ಹುಡುಕುತ್ತಿತ್ತು. ಯೊಂಗ್-ಪಿಲ್ ಒಮ್ಮೆ ಕೊಳವೆ ನೋಡಿದ, ಒಮ್ಮೆ ತೊಟ್ಟಿಲು ನೋಡಿದ. ಆಮೇಲೆ ತಮಾಷೆ ಮಾಡಲಿಲ್ಲ.

ಆಮೇಲಿನ ಎಲ್ಲ ಮನೆಗಳಲ್ಲೂ ದಾಲ್-ಸು ನಿಜವನ್ನೇ ಹೇಳಿದ. ಹೇಳುತ್ತ ಹೇಳುತ್ತ ಅದೂ ನಾಲಿಗೆಗೆ ಹೊಂದಿಕೊಂಡಿತು. ಊರಲ್ಲಿ ಸುದ್ದಿ ಅವನಿಗಿಂತ ಮುಂದೆ ಓಡಿತ್ತು. "ಏನ್ ಮೇಸ್ತ್ರಿ, ಕಿವಿ ಮನೇಲೇ ಬಿಟ್ಟು ಬಂದ್ರಾ?" ಎಂದರೆ, "ಇಲ್ಲ, ಈ ಸಲ ಜೊತೇಲೇ ಕರ್ಕೊಂಡು ಬಂದಿದ್ದೀನಿ," ಎಂದು ಹೆಂಡತಿಯನ್ನು ತೋರಿಸುತ್ತಿದ್ದ. ಒಬ್ಬ ಗಿರಾಕಿ ಮಾತ್ರ ಬಾಗಿಲಲ್ಲೇ ತಡೆದು, ಇನ್ನು ಮುಂದೆ ಬೇರೆಯವರನ್ನು ಕರೆಸುತ್ತೇನೆ ಎಂದ. ದಾಲ್-ಸು ತಲೆಬಾಗಿಸಿ, ಇವತ್ತೇ ಕರೆಸಿ ಎಂದು ಕೇಳಿಕೊಂಡು, ಬೇರೆಯವನು ಬರುವವರೆಗೂ ರಸ್ತೆಯಲ್ಲೇ ವ್ಯಾನು ನಿಲ್ಲಿಸಿಕೊಂಡು ಕಾದ.

ಮಿ-ಒಕ್‌ಳ ಕಿವಿ ಚೆನ್ನಾಗಿತ್ತು, ಆದರೆ ಅವಳಿಗೆ ಗೊತ್ತಿದ್ದದ್ದು ಅಡುಗೆಮನೆಯ ಭಾಷೆ. "ಇದು ಎಣ್ಣೆಗೆ ಈರುಳ್ಳಿ ಬಿದ್ದ ಹಾಗಿದೆ" ಎಂದರೆ ನೀರು ಕಾಯುವ ಭಾಗದಲ್ಲಿ ಸುಣ್ಣ ಕಟ್ಟಿದೆ. "ಅನ್ನದ ಕುಕ್ಕರು ಉಸಿರು ಬಿಟ್ಟ ಹಾಗೆ" ಎಂದರೆ ಕೊಳವೆಯಲ್ಲಿ ಗಾಳಿ ಸೇರಿದೆ. "ನಿಮ್ಮ ತಂಗಿ ಮಾತಾಡಿದ ಹಾಗೆ" ಎಂದರೆ ಬೇರಿಂಗ್ ಹೋಗಿದೆ. ಹನ್ನೆರಡು ದಿನದಲ್ಲಿ ದಾಲ್-ಸು ಈ ಭಾಷೆಯನ್ನು ಕಲಿತ. ಕೇಳಿದ್ದು ಸಾಕು ಅನ್ನದೆ, ಮೂವತ್ತೇಳಕ್ಕೆ ಮೂವತ್ತೇಳು ಮುಚ್ಚಳವನ್ನೂ ಬಿಚ್ಚಿಯೇ ನೋಡಿದರು. ಬಾಗಿಲಲ್ಲೇ ತಡೆದವನ ಮನೆಯದನ್ನು ಬಿಚ್ಚಿದ್ದು ಆ ಬೇರೆಯವನು, ಆದರೆ ಅದೂ ಬಿಚ್ಚಿತು.

ಕಡೆಗೆ ದಾಲ್-ಸು ಕಿವಿಯ ಡಾಕ್ಟರ ಮುಂದೆ ಕೂತ. ಮೂವತ್ತು ವರ್ಷ ಹೊಗೆಕೊಳವೆಗಾಗಿ ಕಾಂಕ್ರೀಟು ಗೋಡೆ ಕೊರೆದೆಯಲ್ಲ, ಆಗ ಸದ್ದು ತಡೆಯಲು ಕಿವಿಗೆ ಏನನ್ನಾದರೂ ತುರುಕಿಕೊಳ್ಳುತ್ತಿದ್ದೆಯೋ ಎಂದು ಅವರು ಕೇಳಿದರು.

"ಇಲ್ಲ ಸಾರ್, ಕಿವಿ ಮುಚ್ಚಿದ್ರೆ ನನ್ನ ಕೆಲಸ ಹೇಗೆ ಕೇಳಿಸುತ್ತೆ?"

ಡಾಕ್ಟರು ಕಿವಿಗೆ ಹಾಕಿಕೊಳ್ಳುವ ಯಂತ್ರ ಬರೆದುಕೊಟ್ಟರು.

ಯಂತ್ರ ಹಾಕಿಕೊಂಡ ಮೊದಲ ವಾರ ದಾಲ್-ಸುವಿಗೆ ಊರೇ ಬದಲಾದ ಹಾಗಾಯಿತು. ತನ್ನ ಮೊಣಕಾಲು ಕಟಕಟ ಅನ್ನುವುದು, ತಾನು ನೂಡಲ್ಸ್ ಸೊರಸೊರ ಎಳೆಯುವುದು ಕೇಳಿ ನಾಚಿಕೆಪಟ್ಟ. ಮಿ-ಒಕ್ ಅವನ ತಂಗಿಯ ವಿಚಾರ ಮಾತಾಡಲು ತಾರಸಿಗೆ ಹೋಗತೊಡಗಿದಳು. ಈಗ ಅವನು ಯಾರ ಮನೆಗೆ ಹೋದರೂ ಮೊದಲು ಮುಚ್ಚಳ, ಆಮೇಲೆ ಮೀಟರು, ಕಟ್ಟಕಡೆಗೆ ಕಿವಿ. ಕೈ ಎತ್ತಿ ಕಣ್ಣು ಮುಚ್ಚುವ ಆಟ ನಿಂತದ್ದಕ್ಕೆ ಕೆಲವು ಮುದುಕರಿಗೆ ಬೇಸರವೂ ಆಗಿದೆ.

ಬೇಸರಪಡದವಳು ಮಿ-ಒಕ್. ಹನ್ನೆರಡು ದಿನದ ತಿರುಗಾಟದಲ್ಲಿ ಅವಳಿಗೆ ಈ ಕೆಲಸದ ರುಚಿ ಹತ್ತಿಬಿಟ್ಟಿತ್ತು. ಐವತ್ತೈದರಲ್ಲಿ ವೊನ್ಜುವಿನ ತರಬೇತಿ ಶಾಲೆಗೆ ಸೇರಿ, ಬಾಯ್ಲರ್ ಕೆಲಸದ ಲೈಸೆನ್ಸಿಗೆ ಓದತೊಡಗಿದಳು. ಬರವಣಿಗೆಯ ಪರೀಕ್ಷೆ ಮೊದಲ ಸಲಕ್ಕೇ ಪಾಸಾದಳು. ಪೈಪು ಕತ್ತರಿಸಿ ಜೋಡಿಸುವ ಪರೀಕ್ಷೆಯಲ್ಲಿ ಮಾತ್ರ ಒಂದು ಕೂಡಿಕೆಯಲ್ಲಿ ನೀರು ಜಿನುಗಿ ನಪಾಸು. ಈಗ ಭಾನುವಾರ ಮಧ್ಯಾಹ್ನ ಅಂಗಡಿಯ ಮುಂದೆ ತಾಮ್ರದ ಪೈಪು ಹರಡಿಕೊಂಡು ಕೂರುತ್ತಾಳೆ, ದಾಲ್-ಸು ಪಕ್ಕದಲ್ಲಿ ನಿಂತು ಹೇಳಿಕೊಡುತ್ತಾನೆ.

"ಉರಿ ಜಾಸ್ತಿ ಆಯ್ತು, ದೂರ ಹಿಡಿ."

"ಕೂಗ್ಬೇಡಿ."

"ನಾನೆಲ್ಲಿ ಕೂಗ್ತಿದ್ದೀನಿ?"

"ಬೀದಿಗೆಲ್ಲ ಕೇಳ್ತಿದೆ," ಎಂದು ಮಿ-ಒಕ್ ಉರಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಬೆಸುಗೆಯ ಕಡ್ಡಿಯನ್ನು ಕೂಡಿಕೆಗೆ ತಾಗಿಸುತ್ತಾಳೆ.